ಚಿಕ್ಕಮ್ಮನ ಅಪ್ಪೆಮಿಡಿ ಆರ್ಡರ್, ಹೋದ 24,500 ರೂಪಾಯಿ: ವಾಪಸ್ ಬರುವ ದಾರಿ ಇದೆಯೇ?

ರಿಪ್ಪನ್‌ಪೇಟೆ_ಹುಡುಗ | ಮಂಗಳವಾರ ರಾತ್ರಿ 8:40

ನಮಸ್ಕಾರ. ಇದು ನನ್ನ ಚಿಕ್ಕಮ್ಮನಿಗೆ ಆದದ್ದು. ಹೆಸರು ಹಾಕಬೇಡ ಎಂದಿದ್ದಾರೆ, ಚಿಕ್ಕಮ್ಮ ಎಂದಷ್ಟೇ ಬರೆಯುತ್ತೇನೆ.

ಏಳೆಂಟು ವರ್ಷದಿಂದ ಮನೆಯಲ್ಲೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ. ವಾಟ್ಸ್‌ಆ್ಯಪ್ ಸ್ಟೇಟಸ್ ಬಿಟ್ಟರೆ ಬೇರೆ ಜಾಹೀರಾತಿಲ್ಲ. ನಿನ್ನೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಒಬ್ಬ ಕರೆ ಮಾಡಿ, ತಾನು ಸೇನೆಯವನು, ಕ್ಯಾಂಟೀನಿಗೆ 35 ಕೆ.ಜಿ. ಉಪ್ಪಿನಕಾಯಿ ಬೇಕು ಎಂದಿದ್ದಾನೆ. ಹಿಂದಿ ಬೆರೆತ ಕನ್ನಡ. ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಎಲ್ಲ ಬಂದಿವೆ. ಕೆ.ಜಿ.ಗೆ 700ರಂತೆ 24,500, ಅರ್ಧ ಮುಂಗಡ 12,250 ಈಗಲೇ ಕಳಿಸುತ್ತೇನೆ ಎಂದ. ಒಂದು ರೂಪಾಯಿ ಚೌಕಾಸಿ ಇಲ್ಲ. "ಉಪ್ಪಿನಕಾಯಿಗೆ ಚೌಕಾಸಿ ಮಾಡದವನು ಸಿಕ್ಕಾಗಲೇ ನನಗೆ ತಿಳಿಯಬೇಕಿತ್ತು" ಎಂದು ಚಿಕ್ಕಮ್ಮ ಈಗ ಹೇಳುತ್ತಾರೆ.

ಸೇನೆಯ ಖಾತೆಯಿಂದ ಹಣ ಬರುವ ಕ್ರಮವೇ ಬೇರೆ, ಮೊದಲು ನೀವು 5 ರೂಪಾಯಿ ಹಾಕಿ, 10 ಬರುತ್ತದೆ ಎಂದ. ಹಾಕಿದರು, 10 ಬಂತು. ಆಮೇಲೆ ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದ. 12,250 ಹೋಯಿತು. ಅಯ್ಯೋ ಹೋಯಿತಲ್ಲ ಎಂದರೆ, "ಸರ್ವರ್ ಸಿಕ್ಕಿಕೊಂಡಿದೆ ಮಾತಾಜಿ, ಇನ್ನೊಮ್ಮೆ ಮಾಡಿ, ಎರಡೂ ಸೇರಿ ವಾಪಸ್ ಬರುತ್ತದೆ." ಇನ್ನೊಮ್ಮೆ ಮಾಡಿದರು. ಉಪ್ಪಿನಕಾಯಿ ಜಾಡಿಯಲ್ಲೇ ಇದೆ, ಅದರ ಬೆಲೆಯಷ್ಟೇ ದುಡ್ಡು ಹೋಗಿದೆ.

ಚಿಕ್ಕಪ್ಪನಿಗೆ ಹೆದರಿ ನಿನ್ನೆ ಇಡೀ ದಿನ ಯಾರಿಗೂ ಹೇಳಲಿಲ್ಲ. ಇವತ್ತು ಮಧ್ಯಾಹ್ನ ಒಬ್ಬರೇ ಬ್ಯಾಂಕಿಗೆ ಹೋದರೆ, ನೀವೇ ಪಿನ್ ಒತ್ತಿದ್ದೀರಿ, ನಾವೇನು ಮಾಡುವುದು ಎಂದು ಕಳಿಸಿದ್ದಾರೆ. ಈಗ ಏನು ಮಾಡಬಹುದು?

ನಿವೃತ್ತ_ಕ್ಯಾಷಿಯರ್ | 8:46

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದ್ದೀರಾ? ಇಲ್ಲವಾದರೆ ಇದನ್ನು ಓದುವುದನ್ನು ನಿಲ್ಲಿಸಿ ಮೊದಲು ಅದನ್ನು ಮಾಡಿ. ಚಿಕ್ಕಮ್ಮನ ಖಾತೆ ಸಂಖ್ಯೆ, ಹಣ ಹೋದ ಹೊತ್ತು, ಮೊತ್ತ, ಪ್ರತಿ ವರ್ಗಾವಣೆಯ 12 ಅಂಕಿಯ ಯುಟಿಆರ್ ಸಂಖ್ಯೆ, ಅಂದರೆ ಆ ವರ್ಗಾವಣೆಯ ಗುರುತಿನ ಸಂಖ್ಯೆ, ಕೈಯಲ್ಲಿರಲಿ. ಯುಪಿಐ ಆ್ಯಪಿನ ಹಳೆಯ ವ್ಯವಹಾರಗಳ ಪಟ್ಟಿಯಲ್ಲಿ ಅದು ಸಿಗುತ್ತದೆ. ಅವನ ಸಂದೇಶ, ಫೋಟೊ ಯಾವುದನ್ನೂ ಅಳಿಸಬೇಡಿ. ಸಿಟ್ಟಿನಲ್ಲಿ ಬ್ಲಾಕ್ ಮಾಡಿ ಅಳಿಸುವವರೇ ಹೆಚ್ಚು.

ಗೊರಬಲು | 8:51

ಬೇಸರ ಮಾಡಿಕೊಳ್ಳಬೇಡಿ, ಆದರೆ ಹೇಳಲೇಬೇಕು. ಮುಖ ನೋಡದವನು ಫೋನಿನಲ್ಲಿ 35 ಕೆ.ಜಿ. ಕೇಳಿದರೆ ಅನುಮಾನ ಬರಬೇಡವೇ? ಆಸೆ ಕಣ್ಣು ಕಟ್ಟುತ್ತದೆ.

ಹಂಡೆ_ಒಲೆ | 8:58

ಗೊರಬಲು ಅವರೇ, 35 ಕೆ.ಜಿ.ಯಲ್ಲಿ ಆಸೆ ಎಲ್ಲಿ ಕಂಡಿತು ನಿಮಗೆ? ಹೋದ ವರ್ಷ ಒಂದು ಮದುವೆ ಮನೆಗೆ ನಾನೊಬ್ಬಳೇ 60 ಕೆ.ಜಿ. ಕೊಟ್ಟಿದ್ದೇನೆ, ಅದೂ ಫೋನಿನಲ್ಲೇ ಕುದುರಿದ ವ್ಯವಹಾರ. ಮಿಡಿ ಕೊಯ್ಯಿಸಿ, ತೊಟ್ಟು ನೋಡಿ ಆರಿಸಿ, ಉಪ್ಪಿನಲ್ಲಿ ಹಾಕಿ, ತಿಂಗಳುಗಟ್ಟಲೆ ಕಾದು ಮಾರುವವಳಿಗೆ ಒಂದು ದೊಡ್ಡ ಆರ್ಡರ್ ಬಂದರೆ ಸಂತೋಷವಾಗುತ್ತದೆ. ಅದಕ್ಕೆ ಆಸೆ ಎನ್ನುವುದಿಲ್ಲ, ವ್ಯಾಪಾರ ಎನ್ನುತ್ತಾರೆ. ನೀವು ಮಂಡಿಯಲ್ಲಿ ಅಡಿಕೆಗೆ ರೇಟು ಏರಲಿ ಎಂದು ಕಾಯುವುದಿಲ್ಲವೇ?

ಗೊರಬಲು | 9:03

ಕಾಯುತ್ತೇನೆ. ಆ ಮಾತನ್ನು ಒಪ್ಪಿದೆ.

ದುರ್ಗಿಗುಡಿ_ಮೊಬೈಲ್ | 9:10

ನನ್ನದು ಮೊಬೈಲ್ ರಿಪೇರಿ ಅಂಗಡಿ. ವಾರಕ್ಕೆ ಒಬ್ಬರಾದರೂ ಇಂಥದ್ದೇ ಫೋನ್ ಹಿಡಿದು ಬರುತ್ತಾರೆ. ಇದರಲ್ಲಿ ಮುಖ್ಯವಾದದ್ದು ಆ 5 ರೂಪಾಯಿ ಹಾಕಿಸಿ 10 ಕೊಡುವ ಭಾಗ. ಅದು ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಒಮ್ಮೆ ಹಣ ವಾಪಸ್ ಬಂದದ್ದನ್ನು ಕಣ್ಣಾರೆ ಕಂಡ ಮೇಲೆ, ಇವನು ಹೇಳಿದಂತೆಯೇ ಆಗುತ್ತದೆ ಎಂದು ಮನಸ್ಸು ನಂಬಿಬಿಡುತ್ತದೆ.

ಯುಪಿಐನಲ್ಲಿ ಹಣ ಬರುವುದಕ್ಕೆ ಪಿನ್ ಬೇಡ, ಸ್ಕ್ಯಾನೂ ಬೇಡ. ಪಿನ್ ಕೇಳಿತೆಂದರೆ ದುಡ್ಡು ಹೊರಗೆ ಹೋಗುತ್ತಿದೆ ಎಂದೇ ಅರ್ಥ, ಎದುರಿಗಿರುವವನು ಸೇನೆಯವನಿರಲಿ, ದೇವರೇ ಇರಲಿ. ಇದನ್ನು ಅಂಗಡಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದೇನೆ. ಜನ ಅದರ ಕೆಳಗೆ ನಿಂತುಕೊಂಡೇ ಪಿನ್ ಒತ್ತುತ್ತಾರೆ, ಅದು ಬೇರೆ ಮಾತು.

ಇನ್ನೊಂದು. 2025ರ ಜೂನ್ ಕೊನೆಯಿಂದ ಹಣ ಕಳಿಸುವ ಮುಂಚೆ ಪಡೆಯುವವರ ಬ್ಯಾಂಕಿನಲ್ಲಿರುವ ಹೆಸರೇ ಪರದೆಯ ಮೇಲೆ ಬರಬೇಕು ಎಂಬ ನಿಯಮವಿದೆ. ಚಿಕ್ಕಮ್ಮನ ಫೋನಿನಲ್ಲಿ ಯಾರ ಹೆಸರು ಬಂದಿತ್ತು ನೋಡಿ. ಗುರುತಿನ ಚೀಟಿಯಲ್ಲಿರುವ ಹೆಸರಾಗಿರಲಿಕ್ಕಿಲ್ಲ.

ರಿಪ್ಪನ್‌ಪೇಟೆ_ಹುಡುಗ | 9:34

ಹೌದು, ಬೇರೆಯೇ ಹೆಸರು. ಹೆಂಗಸಿನ ಹೆಸರು!

1930 ಸಿಗುವುದೇ ಕಷ್ಟವಾಯಿತು. ಮೂರು ಸಲ ಕಾಯಿಸಿ ಕಟ್ ಆಯಿತು. ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ, ಚಿಕ್ಕಮ್ಮನನ್ನು ಬೈಕಿನಲ್ಲಿ ಕೂರಿಸಿಕೊಂಡು ಶಾಲೆಯ ಏರಿಗೆ ಬಂದಿದ್ದೇನೆ. ನಾಲ್ಕನೆಯ ಸಲ ಸಿಕ್ಕರು. ಕನ್ನಡದಲ್ಲೇ ಮಾತನಾಡಿದರು, ಸಮಾಧಾನವಾಗಿ ಎಲ್ಲ ಬರೆದುಕೊಂಡರು. ದೂರಿನ ಸಂಖ್ಯೆ ಸಂದೇಶವಾಗಿ ಬಂದಿದೆ. ಮುಂದೆ?

ನಿವೃತ್ತ_ಕ್ಯಾಷಿಯರ್ | 9:41

ಒಳ್ಳೆಯದು. ಆ ಸಂಖ್ಯೆ ಇಟ್ಟುಕೊಂಡು ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ವಿವರ ಪೂರ್ತಿ ಮಾಡಿ. 1930ಕ್ಕೆ ಹೇಳಿದ ಕೂಡಲೇ ದೂರು ಹಣ ಸೇರಿದ ಬ್ಯಾಂಕಿಗೆ ಹೋಗುತ್ತದೆ. ಅಲ್ಲಿ ಇನ್ನೂ ಹಣ ಉಳಿದಿದ್ದರೆ ತಡೆಹಿಡಿಯುತ್ತಾರೆ, ಮುಂದಿನ ಖಾತೆಗೆ ಹೋಗಿದ್ದರೆ ಬೆನ್ನು ಹತ್ತುತ್ತಾರೆ. ಮೊದಲ ಒಂದೆರಡು ಗಂಟೆಯಲ್ಲಿ ಹೇಳಿದ್ದರೆ ಸಿಗುವ ಸಂಭವ ಹೆಚ್ಚು. ಒಂದೂವರೆ ದಿನ ಕಳೆದಿದೆ, ಆದರೂ ಕೈಬಿಡಬೇಡಿ. ಕಳ್ಳರೂ ಕೆಲವೊಮ್ಮೆ ಸೋಮಾರಿಗಳಾಗಿರುತ್ತಾರೆ.

ತೀರ್ಥಹಳ್ಳಿ_ಮಳೆ | 9:48

ಇಷ್ಟೆಲ್ಲ ಯಾಕೆ? ಮೂರು ದಿನದೊಳಗೆ ತಿಳಿಸಿದರೆ ಬ್ಯಾಂಕು ಪೂರ್ತಿ ಹಣ ತುಂಬಿಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಬ್ಯಾಂಕಿನವರು ಚಿಕ್ಕಮ್ಮನಿಗೆ ಸುಳ್ಳು ಹೇಳಿದ್ದಾರೆ.

ನಿವೃತ್ತ_ಕ್ಯಾಷಿಯರ್ | 10:05

ಅರ್ಧ ಸರಿ, ಅರ್ಧ ತಪ್ಪು. ಈ ಅರ್ಧ ಮಾತಿನಿಂದಲೇ ಜನ ಕೌಂಟರಿನಲ್ಲಿ ಜಗಳಕ್ಕೆ ನಿಲ್ಲುತ್ತಾರೆ. 34 ವರ್ಷ ಕೌಂಟರಿನ ಆ ಕಡೆ ಕೂತವನು ನಾನು.

ನೀವು ಹೇಳುವುದು 2017ರ ಜುಲೈ 6ರ ಸುತ್ತೋಲೆ. ಸಹಕಾರ ಬ್ಯಾಂಕುಗಳಿಗೆ ಅದೇ ವರ್ಷದ ಡಿಸೆಂಬರಿನಲ್ಲಿ ಅಂಥದ್ದೇ ಬಂತು. ಗ್ರಾಹಕರ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ, ನಡುವೆ ಯಾರೋ ಹಣ ಎತ್ತಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ಒಂದು ಪೈಸೆಯ ಹೊಣೆಯೂ ಇಲ್ಲ. ನಾಲ್ಕರಿಂದ ಏಳು ದಿನವಾದರೆ ಒಂದು ಮಿತಿಯವರೆಗೆ ಹೊಣೆ. ಬ್ಯಾಂಕಿನದೇ ಲೋಪವಾದರೆ ದಿನದ ಲೆಕ್ಕವೇ ಇಲ್ಲ. ಆದರೆ ಗ್ರಾಹಕರೇ ಪಿನ್ ಒತ್ತಿದ್ದರೆ, ಒಟಿಪಿ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದೇ. ತಿಳಿಸಿದ ಮೇಲೆ ಆದ ನಷ್ಟ ಮಾತ್ರ ಬ್ಯಾಂಕಿನದು.

ಹಾಗಾಗಿ ಚಿಕ್ಕಮ್ಮನ ಪ್ರಕರಣದಲ್ಲಿ ಬ್ಯಾಂಕಿನವರು ಹೇಳಿದ್ದು ಸುಳ್ಳಲ್ಲ. ಆದರೆ ಹಾಗೆಂದು ಬರಿಗೈಯಲ್ಲಿ ಕಳಿಸಿದ್ದು ತಪ್ಪು. ಲಿಖಿತ ದೂರು ಪಡೆದು ಸ್ವೀಕೃತಿ ಕೊಡಬೇಕಿತ್ತು. ನಾಳೆ ಬಿಳಿ ಹಾಳೆಯಲ್ಲಿ ಎರಡು ಪ್ರತಿ ಬರೆದುಕೊಂಡು ಹೋಗಿ, ಒಂದರ ಮೇಲೆ ಮೊಹರು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಬ್ಯಾಂಕುಗಳ ಮೇಲಿನ ದೂರು ಆಲಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ತೀರ್ಥಹಳ್ಳಿ_ಮಳೆ | 10:09

ಸರಿ ಸಾರ್, ತಿದ್ದಿಕೊಂಡೆ. ನಾಲ್ಕು ಗುಂಪುಗಳಿಗೆ ಈ ನಿಯಮವನ್ನು ಫಾರ್ವರ್ಡ್ ಮಾಡಿದ್ದೇನೆ, ಈಗ ಅಲ್ಲೆಲ್ಲ ಹೋಗಿ ತಿದ್ದಬೇಕು.

ವಕೀಲರ_ಜಗಲಿ | 10:22

ಶಿವಮೊಗ್ಗದಲ್ಲಿ ಸಿಇಎನ್ ಠಾಣೆ ಇದೆ, ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದೇ. ಅಷ್ಟು ದೂರ ಬರಲು ಆಗದಿದ್ದರೆ ಹತ್ತಿರದ ಠಾಣೆಯಲ್ಲೂ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮಿನ ಪ್ರಕಾರ, ಅಪರಾಧ ಎಲ್ಲೇ ನಡೆದಿರಲಿ ಮಾಹಿತಿ ದಾಖಲಿಸಿಕೊಳ್ಳಬೇಕು. "ಇದು ನಮ್ಮ ವ್ಯಾಪ್ತಿಯಲ್ಲ" ಎಂಬ ಮಾತು ನಡೆಯುವುದಿಲ್ಲ. ತಡೆಹಿಡಿದ ಹಣ ಕೈಗೆ ಬರಲು ಕೆಲವೊಮ್ಮೆ ನ್ಯಾಯಾಲಯದ ಆದೇಶ ಬೇಕಾಗಬಹುದು, ಆಗ ಅರ್ಜಿ ಹಾಕಬೇಕಾಗುತ್ತದೆ. ಅದೇನೂ ದೊಡ್ಡ ಮೊಕದ್ದಮೆಯಲ್ಲ.

ಶರಾವತಿ_ಹಿನ್ನೀರು | 10:50

ನಾನು ಇನ್ನೊಂದು ಮಗ್ಗುಲಿನ ಕಥೆ ಹೇಳುತ್ತೇನೆ. ಸಾಗರದ ಆಚೆ ಹಿನ್ನೀರಿನ ಹತ್ತಿರ ನಮ್ಮದು ಮೂರು ಕೋಣೆಯ ಹೋಂಸ್ಟೇ. ನನ್ನ ಹಣ ಹೋಗಲಿಲ್ಲ, ಹೆಸರು ಹೋಯಿತು.

ಈ ಮಳೆಗಾಲದ ಒಂದು ಶನಿವಾರ ರಾತ್ರಿ ಒಂಬತ್ತಕ್ಕೆ ಅಂಗಳದಲ್ಲಿ ಕಾರು ನಿಂತಿತು. ಗಂಡ, ಹೆಂಡತಿ, ಎರಡು ಮಕ್ಕಳು, ವಯಸ್ಸಾದ ತಾಯಿ. ಬೆಂಗಳೂರಿನಿಂದ ಬಂದವರು. "ಎರಡು ಕೋಣೆ ಬುಕ್ ಮಾಡಿದ್ದೇವೆ, 6,000 ಮುಂಗಡ ಕೊಟ್ಟಿದ್ದೇವೆ" ಎಂದರು. ನನ್ನ ಪುಸ್ತಕದಲ್ಲಿ ಅವರ ಹೆಸರಿಲ್ಲ. ಫೋನ್ ತೋರಿಸಿದರು. ಇನ್‌ಸ್ಟಾಗ್ರಾಂನಲ್ಲಿ ನಮ್ಮದೇ ಮನೆ, ನಮ್ಮದೇ ಜಗಲಿ, ನನ್ನ ಹೆಂಡತಿ ಕಡುಬು ಬಡಿಸುತ್ತಿರುವ ಚಿತ್ರ. ಕೆಳಗಿದ್ದ ಫೋನ್ ಸಂಖ್ಯೆ ಮಾತ್ರ ನಮ್ಮದಲ್ಲ. ನಮ್ಮ ಪುಟಕ್ಕಿಂತ ಆ ಪುಟ ಚೆನ್ನಾಗಿತ್ತು, ಹೇಳಲು ನಾಚಿಕೆಯಾಗುತ್ತದೆ. ಹಿಂಬಾಲಕರೂ ನಮಗಿಂತ ಹೆಚ್ಚು.

ಆ ದಿನ ನಮ್ಮ ಮೂರೂ ಕೋಣೆ ತುಂಬಿದ್ದವು. ಹೊರಗೆ ಜಡಿಮಳೆ, ಆ ತಾಯಿ ಚಳಿಗೆ ನಡುಗುತ್ತಿದ್ದರು. ನಮ್ಮ ಕೋಣೆಯನ್ನೇ ಬಿಟ್ಟುಕೊಟ್ಟು ನಾವು ಅಟ್ಟದಲ್ಲಿ ಮಲಗಿದೆವು. ಬಿಸಿ ಗಂಜಿ, ಮಿಡಿ ಉಪ್ಪಿನಕಾಯಿ. ಬೆಳಿಗ್ಗೆ ಆತ, "ನಿಮ್ಮವರೇ ಯಾರೋ ಇದನ್ನು ಮಾಡಿಸುತ್ತಿರಬೇಕು" ಎಂದು ಹೊರಡುವಾಗ ಮೆಲ್ಲನೆ ಹೇಳಿ ಹೋದರು. ಆ ಮಾತು ಇವತ್ತಿಗೂ ಎದೆಯಲ್ಲಿ ಕುಟುಕುತ್ತದೆ.

ಆಮೇಲೆ ಮಾಡಿದ್ದು: ಆ ಪುಟದ ಬಗ್ಗೆ ದೂರು, ಬಂದುಹೋದ ಅತಿಥಿಗಳಿಂದಲೂ ದೂರು ಹಾಕಿಸಿದೆ. 11 ದಿನಕ್ಕೆ ಪುಟ ಹೋಯಿತು. ಗೂಗಲ್ ಮ್ಯಾಪಿನಲ್ಲಿ ನಮ್ಮ ಮನೆಯನ್ನು ಯಾರೋ ಸೇರಿಸಿದ್ದರು, ನಾವು ನಮ್ಮದೆಂದು ದೃಢೀಕರಿಸಿಕೊಂಡೇ ಇರಲಿಲ್ಲ. ಹಾಗೆ ಬಿಟ್ಟರೆ ದಾರಿಹೋಕರು ಯಾರು ಬೇಕಾದರೂ ಫೋನ್ ಸಂಖ್ಯೆ ತಿದ್ದಲು ಸಲಹೆ ಕಳಿಸಬಹುದು. ಈಗ ದೃಢೀಕರಿಸಿದ್ದೇವೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆಯನ್ನೂ, ಹಣ ಕಳಿಸುವಾಗ ಯಾವ ಹೆಸರು ಕಾಣಬೇಕು ಎಂಬುದನ್ನೂ ಪುಟದ ತಲೆಯಲ್ಲೇ ಹಾಕಿದ್ದೇವೆ. ಅತಿಥಿಗಳಿಗೆ ನಾನು ಹೇಳುವುದು ಇಷ್ಟೇ: ಮುಂಗಡ ಕಳಿಸುವ ಮೊದಲು ವಿಡಿಯೊ ಕರೆ ಮಾಡಿ, ನಾಯಿಯನ್ನು ತೋರಿಸುತ್ತೇನೆ. ಫೋಟೊ ಕದಿಯಬಹುದು, ನಮ್ಮ ಕರಿಯನನ್ನು ಕದಿಯಲಾಗುವುದಿಲ್ಲ.

ಹಂಡೆ_ಒಲೆ | 10:57

ಕರಿಯನಿಗೆ ಒಂದು ರೊಟ್ಟಿ ಹೆಚ್ಚಿಗೆ ಹಾಕಿ.

ಕೊನೆಗಾರ | 11:02

ಹಿನ್ನೀರಿಗೆ ಸಿಗಂದೂರು ಸೇತುವೆ ಆದ ಮೇಲೆ ನಿಮ್ಮ ಕಡೆ ಜನ ಜಾಸ್ತಿಯಾಗಿದ್ದಾರಂತೆ ಹೌದೇ? ದಡ ದಾಟಿಸುವ ಲಾಂಚಿಗೆ ಕಾಯುವ ಸುಖ ಹೋಯಿತು.

ಶರಾವತಿ_ಹಿನ್ನೀರು | 11:06

2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆಯಾಯಿತು, ಅಂದಿನಿಂದ ಜನವೂ ಹೆಚ್ಚು, ನಕಲಿ ಪುಟಗಳೂ ಹೆಚ್ಚು. ಲಾಂಚಿನ ಸುಖ ನೆನೆಯುವವರು ಆಸ್ಪತ್ರೆಗೆ ರೋಗಿಯನ್ನು ಕರೆದುಕೊಂಡು ದಡದಲ್ಲಿ ಕಾದವರಲ್ಲ.

ಗಾಂಧಿಬಜಾರ್_ಕಿರಾಣಿ | ಬುಧವಾರ ಬೆಳಿಗ್ಗೆ 6:55

ರಾತ್ರಿ ಓದಿದೆ, ಈಗ ಅಂಗಡಿ ತೆಗೆಯುವ ಮುಂಚೆ ಬರೆಯುತ್ತಿದ್ದೇನೆ. ಎಲ್ಲರೂ ತಡೆಹಿಡಿಯುತ್ತಾರೆ, ತಡೆಹಿಡಿಯುತ್ತಾರೆ ಎಂದು ಸಂತೋಷಪಡುತ್ತಿದ್ದೀರಿ. ತಡೆಹಿಡಿಸಿಕೊಂಡವನು ನಾನು!

ಯಾರೋ ಒಬ್ಬ ಗಿರಾಕಿ 640 ರೂಪಾಯಿಯ ಸಾಮಾನು ತೆಗೆದುಕೊಂಡು ಸ್ಕ್ಯಾನ್ ಮಾಡಿ ಹೋದ. ಆ ಹಣ ಎಲ್ಲೋ ಯಾರಿಗೋ ವಂಚಿಸಿದ ಹಣವಂತೆ, ಮೂರನೆಯ ಕೈಯೋ ನಾಲ್ಕನೆಯ ಕೈಯೋ ದಾಟಿ ನನ್ನ ಖಾತೆಗೆ ಬಂದದ್ದಂತೆ. ಮರುವಾರ ನನ್ನ ಚಾಲ್ತಿ ಖಾತೆಯೇ ಸ್ಥಗಿತ. ಸಗಟು ವ್ಯಾಪಾರಿಗೆ ಕೊಟ್ಟ ಚೆಕ್ ವಾಪಸ್ ಬಂತು. ಬ್ಯಾಂಕಿನವರು ಬೇರೆ ರಾಜ್ಯದ ಠಾಣೆಯೊಂದರ ಮಿಂಚಂಚೆ ವಿಳಾಸ ಕೊಟ್ಟು ಅಲ್ಲಿ ವಿಚಾರಿಸಿ ಎಂದರು. 19 ದಿನ ಅಂಗಡಿ ನಡೆಸಿದ್ದು ಭಾವನಿಂದ ಸಾಲ ಪಡೆದು.

ಅದಕ್ಕೇ ಈಗ ನಗದು ಮಾತ್ರ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗಲೇ ಅರ್ಧ ಕ್ಯೂಆರ್ ಬೋರ್ಡು ತೆಗೆದಿದ್ದೆ, ಉಳಿದ ಅರ್ಧ ಇದರಿಂದ ಹೋಯಿತು.

ದುರ್ಗಿಗುಡಿ_ಮೊಬೈಲ್ | 7:20

ಕಿರಾಣಿಯವರೇ, ಎರಡನ್ನೂ ಕಲಸಬೇಡಿ. ಜಿಎಸ್‌ಟಿ ನೋಟಿಸ್ ವಂಚನೆಯಲ್ಲ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಬೇಕು, ಸೇವೆಗೆ 20 ಲಕ್ಷ. ನಗದಿನಲ್ಲಿ ತೆಗೆದುಕೊಂಡರೆ ಆ ಮಿತಿ ಬದಲಾಗುವುದಿಲ್ಲ. ಇನ್ನು ನಗದು ಮಾತ್ರ ಎಂದರೆ ಕಾಲೇಜು ಹುಡುಗರು ಪಕ್ಕದ ಅಂಗಡಿಗೆ ಹೋಗುತ್ತಾರೆ. ಕಳ್ಳನ ಭಯಕ್ಕೆ ಬಾಗಿಲು ಹಾಕಿದರೆ ಗಿರಾಕಿಯೂ ಹೊರಗೇ ಉಳಿಯುತ್ತಾನೆ.

ಗಾಂಧಿಬಜಾರ್_ಕಿರಾಣಿ | 7:26

19 ದಿನ ಸಾಲದಲ್ಲಿ ಬದುಕಿ ನೋಡಿ, ಆಮೇಲೆ ಗಾದೆ ಹೇಳಿ.

ವಕೀಲರ_ಜಗಲಿ | 7:58

ಕಿರಾಣಿಯವರ ಸಂಕಟ ನಿಜ. ಅವರಂಥವರು ಬಹಳ ಮಂದಿ. ವಿವಾದದಲ್ಲಿರುವ ಮೊತ್ತವನ್ನು ಮಾತ್ರ ತಡೆಹಿಡಿಯಬೇಕು, ಇಡೀ ಖಾತೆಯನ್ನಲ್ಲ ಎಂದು 2023ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಅದನ್ನು ಉಲ್ಲೇಖಿಸಿ ಬ್ಯಾಂಕಿಗೂ, ಆ ಠಾಣೆಗೂ ಬರೆಯಬೇಕು. ಜೊತೆಗೆ ಆ ದಿನದ ಬಿಲ್ಲು. 640 ರೂಪಾಯಿಗೆ ನಾನು ಅಕ್ಕಿ ಬೇಳೆ ಕೊಟ್ಟಿದ್ದೇನೆ ಎನ್ನುವುದಕ್ಕೆ ಕಾಗದ ಇದ್ದರೆ ಅರ್ಧ ಕೆಲಸ ಮುಗಿದಂತೆ. ಬಿಲ್ಲು ಹಾಕಿದ್ದಿರಾ?

ಗಾಂಧಿಬಜಾರ್_ಕಿರಾಣಿ | 8:01

ಇಲ್ಲ.

ಕೊನೆಗಾರ | 8:15

ಮೊನ್ನೆ ನನಗೂ ಒಂದು ಸಂದೇಶ ಬಂತು: ಬಿಲ್ ಕಟ್ಟಿಲ್ಲ, ಇಂದು ರಾತ್ರಿ 9:30ಕ್ಕೆ ನಿಮ್ಮ ಮನೆಯ ವಿದ್ಯುತ್ ಕಡಿತವಾಗುತ್ತದೆ, ತಕ್ಷಣ ಈ ಸಂಖ್ಯೆಗೆ ಕರೆ ಮಾಡಿ. ಮಾರಾಯರೇ, ಮಳೆಗಾಲದಲ್ಲಿ ನಮ್ಮಲ್ಲಿ ಬಿಲ್ ಕಟ್ಟಿದವನಿಗೂ ಏಳಕ್ಕೇ ಕರೆಂಟು ಹೋಗಿರುತ್ತದೆ. ಯಾರನ್ನು ಹೆದರಿಸುತ್ತಾನೆ?

ಚೇಣಿ_ಲೆಕ್ಕ | 8:40

ನಮ್ಮೂರಿನ ಗುಂಪಿನಲ್ಲಿ ಆದದ್ದು. ಬೇಸಿಗೆಯ ಮದುವೆ ಕಾಲ. ಒಬ್ಬರ ಸಂಖ್ಯೆಯಿಂದ "ಮದುವೆಯ ಮಮತೆಯ ಕರೆಯೋಲೆ" ಎಂದು ಕಡತ ಬಂತು. ಕರೆಯೋಲೆ ತೆರೆಯದೆ ಇರಲಾದೀತೇ, ನಾಳೆ ಅವರು ಎದುರು ಸಿಕ್ಕಾಗ ಏನು ಹೇಳುವುದು! ಒತ್ತಿದವರ ಫೋನಿನಲ್ಲೆಲ್ಲ ಏನೋ ಒಂದು ಆ್ಯಪ್ ಕೂತಿತು. ಎರಡು ದಿನದಲ್ಲಿ ಇಬ್ಬರ ಖಾತೆ ಬರಿದಾಯಿತು. ಮೂರನೆಯವರಿಂದ ಅದೇ ಕರೆಯೋಲೆ ಅವರ ನೆಂಟರಿಗೆಲ್ಲ ಹೋಯಿತು. ವಾಟ್ಸ್‌ಆ್ಯಪಿನಲ್ಲಿ ಬಂದದ್ದನ್ನು ತೆರೆಯಬಾರದು ಎಂದರೆ ಊರಿನಲ್ಲಿ ಬದುಕುವುದು ಹೇಗೆ?

ದುರ್ಗಿಗುಡಿ_ಮೊಬೈಲ್ | 8:52

ತೆರೆಯಬಾರದು ಎಂದಲ್ಲ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಕಡತದ ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಚಿತ್ರವಲ್ಲ, ಫೋನಿನೊಳಗೆ ಕೂರಲು ಬಂದ ಆ್ಯಪ್. ಒಳಗೆ ಕೂತು ಎಸ್‌ಎಂಎಸ್ ಓದುವ ಅನುಮತಿ ಪಡೆದು ಒಟಿಪಿಗಳನ್ನೆಲ್ಲ ಕಳ್ಳನಿಗೆ ದಾಟಿಸುತ್ತದೆ. ವಾಹನ ದಂಡದ ಚಲನ್, ರೈತರಿಗೆ ಬರುವ ಕಿಸಾನ್ ಸಮ್ಮಾನ್ ಹಣ, ಬ್ಯಾಂಕ್ ಕೆವೈಸಿ, ಎಲ್ಲ ಹೆಸರಿನಲ್ಲೂ ಇದೇ ಸರಕು. ಒತ್ತಿಬಿಟ್ಟಿದ್ದರೆ ತಕ್ಷಣ ಡೇಟಾ, ವೈಫೈ ಎರಡನ್ನೂ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ, ಆಮೇಲೆ ಫೋನನ್ನು ಅಂಗಡಿಗೆ ತನ್ನಿ. ತೆರೆಯುವ ಮುಂಚೆಯೇ ಕಳಿಸಿದವರಿಗೆ ಫೋನ್ ಮಾಡಿ ಕೇಳಿ, "ನಿಮ್ಮ ಮನೆಯಲ್ಲಿ ಮದುವೆಯೇ?" ಎಂದು. ಮದುವೆ ಇದ್ದರೆ ಅವರಿಗೂ ಸಂತೋಷ.

ಹೊಸನಗರ_ಮೇಷ್ಟರು | 9:30

ಸ್ಮಾರ್ಟ್‌ಫೋನೇ ಇಲ್ಲದವರ ಹಣವೂ ಹೋಗುತ್ತದೆ ಎಂಬುದನ್ನು ಯಾರೂ ಬರೆಯಲಿಲ್ಲ. ನಮ್ಮ ಪಕ್ಕದ ಮನೆಯ ಅಜ್ಜನ ಹತ್ತಿರ ಇರುವುದು ಬಟನ್ ಫೋನ್, ಅದೂ ಗೂಟಕ್ಕೆ ನೇತುಹಾಕಿದ್ದು. ಪಾಸ್‌ಬುಕ್ ಬರೆಸಿದಾಗ 10,000 ರೂಪಾಯಿ ಆಧಾರ್ ಬೆರಳಚ್ಚಿನಿಂದ ತೆಗೆದ ನಮೂದು ಇತ್ತು. ಅಜ್ಜ ಅಂದು ತೋಟ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಒಟಿಪಿ ಇಲ್ಲ, ಪಿನ್ ಇಲ್ಲ, ಆಧಾರ್ ಸಂಖ್ಯೆ ಮತ್ತು ಬೆರಳಚ್ಚು ಸಿಕ್ಕರೆ ಸಾಕು. 2023ರಲ್ಲಿ ಬೆಂಗಳೂರು, ಮಂಗಳೂರು ಕಡೆ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ ಹಣ ತೆಗೆದ ದೂರುಗಳು ಬಂದದ್ದು ನೆನಪಿರಬಹುದು.

ಇಂಥದ್ದರಲ್ಲಿ ಮಾತ್ರ ಕ್ಯಾಷಿಯರ್ ಸಾಹೇಬರು ಹೇಳಿದ ನಿಯಮ ನೇರವಾಗಿ ಅನ್ವಯಿಸುತ್ತದೆ, ಅಜ್ಜನದೇನೂ ತಪ್ಪಿಲ್ಲವಲ್ಲ. ಬರೆದುಕೊಟ್ಟೆವು, ಓಡಾಡಿದೆವು, ಹಣ ವಾಪಸ್ ಬಂತು. ಆಮೇಲೆ ಎಂಆಧಾರ್ ಆ್ಯಪಿನಲ್ಲಿ ಬೆರಳಚ್ಚಿಗೆ ಬೀಗ ಹಾಕಿದೆ.

ಹಂಡೆ_ಒಲೆ | 9:44

ಆ ಬೀಗದಿಂದ ನನಗಾದ ಪಜೀತಿ ಕೇಳಿ. ಅತ್ತೆಯ ಬೆರಳಚ್ಚಿಗೆ ಮಗ ಬೀಗ ಹಾಕಿ ಬೆಂಗಳೂರಿಗೆ ಹೋದ. ತಿಂಗಳ ಕೊನೆಗೆ ನ್ಯಾಯಬೆಲೆ ಅಂಗಡಿಯಲ್ಲಿ ಅತ್ತೆ ಹೆಬ್ಬೆಟ್ಟು ಒತ್ತಿದ್ದೇ ಒತ್ತಿದ್ದು, ಯಂತ್ರ ಒಪ್ಪಲಿಲ್ಲ. "ನನ್ನ ಹೆಬ್ಬೆಟ್ಟು ಸವೆದುಹೋಯಿತು, ನಾನಿನ್ನು ಹೆಚ್ಚು ದಿನ ಇರುವುದಿಲ್ಲ" ಎಂದು ಮನೆಗೆ ಬಂದು ಮಲಗಿಬಿಟ್ಟರು! ಸಂಜೆ ಮಗ ಕರೆ ಮಾಡಿದಾಗಲೇ ವಿಷಯ ತಿಳಿದದ್ದು.

ಹೊಸನಗರ_ಮೇಷ್ಟರು | 9:50

ಪಡಿತರ ತರುವ ದಿನ ತಾತ್ಕಾಲಿಕವಾಗಿ ತೆರೆಯಬೇಕಮ್ಮ, ಸ್ವಲ್ಪ ಹೊತ್ತಿಗೆ ತಾನೇ ಮುಚ್ಚಿಕೊಳ್ಳುತ್ತದೆ. ಆಧಾರಿಗೆ ಜೋಡಿಸಿದ ಮೊಬೈಲ್ ಮನೆಯಲ್ಲೇ ಇರಬೇಕು, ಬೆಂಗಳೂರಿನಲ್ಲಲ್ಲ.

ಸಹಾಯ_ಹಸ್ತ_2 | 10:12

ಆತ್ಮೀಯರೇ ನಿಮ್ಮ ಕಳೆದುಹೋದ ಹಣವನ್ನು 24 ಗಂಟೆಯಲ್ಲಿ ಮರಳಿ ಪಡೆಯಿರಿ. ನಮ್ಮ ಪರಿಣತರ ತಂಡ ಸಾವಿರಾರು ಜನರಿಗೆ ನೆರವಾಗಿದೆ. ನೋಂದಣಿ ಶುಲ್ಕ 999 ಮಾತ್ರ. ಖಾಸಗಿ ಸಂದೇಶ ಕಳುಹಿಸಿ.

ಗೊರಬಲು | 10:14

ಬಂದ ನೋಡಿ, ಹೆಣದ ವಾಸನೆಗೆ ಹದ್ದು.

ದುರ್ಗಿಗುಡಿ_ಮೊಬೈಲ್ | 10:15

ಖಾತೆ ತೆರೆದು 20 ನಿಮಿಷ ಆಗಿಲ್ಲ. ರಿಪ್ಪನ್‌ಪೇಟೆಯವರೇ, ಇವನಿಗೆ ಉತ್ತರಿಸಬೇಡಿ. ಒಮ್ಮೆ ಕಳೆದುಕೊಂಡವರನ್ನೇ ಹುಡುಕಿ ಎರಡನೆಯ ಸಲ ಸುಲಿಯುವ ಗುಂಪು ಇದು. ಹಣ ವಾಪಸ್ ಕೊಡಿಸಲು ಪೊಲೀಸರೂ ಬ್ಯಾಂಕಿನವರೂ ಶುಲ್ಕ ಕೇಳುವುದಿಲ್ಲ.

ಗೊರಬಲು | 10:17

ಸಹಾಯ ಹಸ್ತದವರೇ, ಮೊದಲು ನೀವು ನನಗೆ 5 ರೂಪಾಯಿ ಹಾಕಿ, 10 ಕಳಿಸುತ್ತೇನೆ.

ನಿರ್ವಾಹಕ | 10:31

ಆ ಖಾತೆಯನ್ನು ತೆಗೆದಿದ್ದೇವೆ. ಗೊರಬಲು ಅವರ ಉತ್ತರ ಚೆನ್ನಾಗಿರುವುದರಿಂದ ಮೂಲ ಬರಹವನ್ನೂ ಉಳಿಸಿದ್ದೇವೆ. ಯಾರೂ ಇಲ್ಲಿ ಫೋನ್, ಖಾತೆ ಸಂಖ್ಯೆ ಹಾಕಬೇಡಿ.

ಮಂಡಿ_ಗುಮಾಸ್ತ | ಮಧ್ಯಾಹ್ನ 1:05

ಊಟದ ಬಿಡುವಿನಲ್ಲಿ ಒಂದು ಮಾತು. ಸಣ್ಣ ವ್ಯಾಪಾರಿಗಳು ಸೇನೆಯ ವೇಷದವನಿಗೆ ಹೆದರುತ್ತೀರಿ, ನಾವು ಹೆದರುವುದು ಪರಿಚಯದವರಿಗೆ. ಹತ್ತು ವರ್ಷದಿಂದ ವ್ಯವಹಾರವಿರುವ ಹೊರರಾಜ್ಯದ ವ್ಯಾಪಾರಿಯ ಹೆಸರಿನಲ್ಲಿ ಮಿಂಚಂಚೆ ಬಂತು: ನಮ್ಮ ಖಾತೆ ಲೆಕ್ಕಪರಿಶೋಧನೆಯಲ್ಲಿದೆ, ಈ ಸಲದ ಹಣವನ್ನು ಈ ಹೊಸ ಖಾತೆಗೆ ಹಾಕಿ. ಬಿಲ್ ಸಂಖ್ಯೆ ಸರಿ, ಮೊತ್ತ ಸರಿ, ಸಹಿ ಸರಿ. ವಿಳಾಸದಲ್ಲಿ ಒಂದೇ ಒಂದು ಅಕ್ಷರ ಬೇರೆ. ಸಾಹುಕಾರರು ಹಾಕಿಬಿಡು ಎಂದರು. ನಾನು ಅವರ ಹಳೆಯ ಸಂಖ್ಯೆಗೆ, ಡೈರಿಯಲ್ಲಿ ಬರೆದಿಟ್ಟದ್ದಕ್ಕೆ, ಒಂದು ಕರೆ ಮಾಡಿದೆ. "ಯಾವ ಖಾತೆ?" ಎಂದರು ಅತ್ತಲಿಂದ.

ಉಳಿದದ್ದು ಎಷ್ಟು ಎಂದು ಹೇಳುವುದಿಲ್ಲ. ಆ ವರ್ಷ ದೀಪಾವಳಿಗೆ ನನಗೆ ಎರಡು ಜೊತೆ ಬಟ್ಟೆ ಬಂತು.

ಗೊರಬಲು | 1:12

ಅಷ್ಟು ಉಳಿಸಿದ್ದಕ್ಕೆ ಎರಡೇ ಜೊತೆಯೇ? ನಿಮ್ಮ ಸಾಹುಕಾರರ ಮೇಲೆ ದೂರು ಕೊಡಿ, 1930ಕ್ಕೆ.

ತೀರ್ಥಹಳ್ಳಿ_ಮಳೆ | 1:40

ನಿವೃತ್ತರಾದ ನನ್ನ ದೊಡ್ಡಪ್ಪನಿಗೆ "ಡಿಜಿಟಲ್ ಅರೆಸ್ಟ್" ಎಂದು ವಿಡಿಯೊ ಕರೆ ಬಂದಿತ್ತು. ಪೊಲೀಸ್ ವೇಷ, ಹಿಂದೆ ಲಾಂಛನ, ಕದಲಬಾರದು ಎಂಬ ಆಜ್ಞೆ. ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ ಎಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ಆಕಾಶವಾಣಿಯಲ್ಲಿ ಹೇಳಿದ್ದರು, ದೊಡ್ಡಪ್ಪ ಅದನ್ನು ಕೇಳಿಯೂ ಇದ್ದರು. ಆದರೂ ಎರಡು ಗಂಟೆ ಕದಲದೆ ಕೂತಿದ್ದರಂತೆ. ಉಳಿಸಿದ್ದು ನಮ್ಮೂರಿನ ನೆಟ್‌ವರ್ಕ್. ಗಾಳಿ ಬೀಸಿತು, ಸಿಗ್ನಲ್ ಹೋಯಿತು, ಬಂಧನವೂ ಮುಗಿಯಿತು. ದೊಡ್ಡಮ್ಮ ಚಹಾ ತಂದುಕೊಟ್ಟರು.

ರಿಪ್ಪನ್‌ಪೇಟೆ_ಹುಡುಗ | ಮುಂದಿನ ಮಂಗಳವಾರ ಸಂಜೆ 6:20

ಒಂದು ವಾರದ ವರದಿ. ಮೊದಲ 12,250 ಅರ್ಧ ಗಂಟೆಯಲ್ಲೇ ನಾಲ್ಕು ಖಾತೆ ದಾಟಿ ಎಟಿಎಂನಿಂದ ಹೊರಬಿದ್ದಿದೆ. ಎರಡನೆಯದರಲ್ಲಿ 9,300 ರೂಪಾಯಿ ಒಂದು ಖಾತೆಯಲ್ಲಿ ತಡೆಹಿಡಿದಿದೆ ಎಂದು ಠಾಣೆಯಿಂದ ತಿಳಿಸಿದರು. ನಿಜವಾಗಿಯೂ ಸೋಮಾರಿ ಕಳ್ಳ. ವಕೀಲರು ಹೇಳಿದಂತೆ ಅರ್ಜಿ ತಯಾರಾಗುತ್ತಿದೆ. ಬ್ಯಾಂಕಿನಲ್ಲಿ ಬಿಳಿ ಹಾಳೆ ಕಂಡ ಕೂಡಲೇ ಕುರ್ಚಿ ಕೊಟ್ಟರು.

ಚಿಕ್ಕಪ್ಪನಿಗೆ ಕೊನೆಗೆ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೋದ ವರ್ಷ ಕೆವೈಸಿ ಎಂದು ತಾವೂ 4,000 ಕಳೆದುಕೊಂಡದ್ದನ್ನು ಆಗ ಹೇಳಿದರು! ಇಬ್ಬರೂ ಒಬ್ಬರಿಂದೊಬ್ಬರು ಮುಚ್ಚಿಟ್ಟಿದ್ದರು.

ಹಂಡೆ_ಒಲೆ | 6:31

ಆ 35 ಕೆ.ಜಿ. ಉಪ್ಪಿನಕಾಯಿ ಏನಾಯಿತು?

ರಿಪ್ಪನ್‌ಪೇಟೆ_ಹುಡುಗ | 6:35

ಜಾಡಿಯಲ್ಲೇ ಇದೆ.

ಶರಾವತಿ_ಹಿನ್ನೀರು | 6:38

ನಮ್ಮ ಹೋಂಸ್ಟೇಗೆ 10 ಕೆ.ಜಿ. ಬೇಕು. ಮುಂಗಡ ಕಳಿಸಲೇ?

ರಿಪ್ಪನ್‌ಪೇಟೆ_ಹುಡುಗ | 6:52

ಚಿಕ್ಕಮ್ಮನಿಗೆ ಓದಿ ಹೇಳಿದೆ. ಮುಂಗಡ ಎಂಬ ಮಾತು ಕೇಳಿದ ಕೂಡಲೇ ಫೋನ್ ಕೆಳಗಿಟ್ಟುಬಿಟ್ಟರು. ಮೊದಲು ವಿಡಿಯೊ ಕರೆಯಲ್ಲಿ ಕರಿಯನನ್ನು ತೋರಿಸಬೇಕಂತೆ. ಇನ್ನೊಂದು ಮಾತು: ಚೌಕಾಸಿ ಮಾಡದಿದ್ದರೆ ಕೊಡುವುದಿಲ್ಲವಂತೆ.

ಶರಾವತಿ_ಹಿನ್ನೀರು | 6:54

ಹಾಗಾದರೆ 550ಕ್ಕೆ ಕೊಡುತ್ತಾರೆಯೇ ಕೇಳಿ.

ರಿಪ್ಪನ್‌ಪೇಟೆ_ಹುಡುಗ | 6:59

"ಇವರು ನಿಜವಾದವರೇ" ಎಂದರು. 680.